ಮುಂಗಾರಿನ ಅಲೆಗೆ ಸದ್ದಿನ ಅಳತೆ



ಜೂನ್ ತಿಂಗಳು ಕಾಲಿಟ್ಟರೆ ವಾರ್ತೆಯ ಕೊನೆಗೆ ಒಂದು ಎಚ್ಚರಿಕೆ ತಪ್ಪದೆ ಬರುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ 3ರಿಂದ 3.5 ಮೀಟರ್ ಎತ್ತರದ ಅಲೆಗಳು ಏಳಲಿವೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು. ಊರಿನಲ್ಲಿ ಅಣ್ಣನದೋ ಭಾವನದೋ ದೋಣಿ ಇರುವವರು ನಮ್ಮ ಮುಂಬಯಿ, ನವಿ ಮುಂಬಯಿಯಲ್ಲಿ ಬಹಳ ಮಂದಿ ಇದ್ದೀರಿ. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಹುಟ್ಟಿದ್ದೇ 1902ರಲ್ಲಿ. ಊರಿನ ಕಡಲಿನ ಸುದ್ದಿ ಅಂದಿನಿಂದಲೂ ಇಲ್ಲಿಯ ಮನೆಗಳ ಸುದ್ದಿಯೇ ಆಗಿದೆ.

ಆ 3 ಮೀಟರ್ ಎಂಬ ಸಂಖ್ಯೆ ಎಲ್ಲಿಂದ ಬಂತು? ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸಂಸ್ಥೆ ಇದೆ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಎಂಬುದು ಅದರ ಪೂರ್ಣ ಹೆಸರು. 1999ರಲ್ಲಿ ಶುರುವಾದದ್ದು. ಗಾಳಿಯ ಲೆಕ್ಕ ಹಿಡಿದು ನಾಳೆಯ ಅಲೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಅದರ ಕೆಲಸ. ಆದರೆ ಕಟ್ಟಿದ ಲೆಕ್ಕ ಸರಿಯೇ ಎಂದು ಒರೆಗೆ ಹಚ್ಚಲು ಕಡಲಿನಲ್ಲೇ ಯಾವುದಾದರೂ ಉಪಕರಣ ಇರಬೇಕು. ಅದು ಸುಳ್ಳು ಹೇಳಬಾರದು. ಮುಖ್ಯವಾಗಿ, ಕಡಲು ಕೆಟ್ಟ ದಿನ ಸುಳ್ಳು ಹೇಳಬಾರದು.

ಈ ಹೊತ್ತಿನ ನನ್ನ ವಿಷಯ ಇಷ್ಟೇ. ಸದ್ದಿನಿಂದ ಅಲೆಯನ್ನು ಅಳೆಯುವ ಉಪಕರಣಗಳಿವೆ. ಅಲ್ಟ್ರಾಸಾನಿಕ್ ಮಾಪಕಗಳು ಎನ್ನುತ್ತೇವೆ. ಅವುಗಳನ್ನು ಎಷ್ಟು ನಂಬಬಹುದು? ಇನ್ನೂ ಚೆನ್ನಾಗಿ ನಂಬುವಂತೆ ಮಾಡುವುದು ಹೇಗೆ?

ನಾನು ನವಿ ಮುಂಬಯಿಯ ನೆರೂಳಿನವನು. ನೆರೂಳಿನಲ್ಲಿ ಅಲೆ ಎಲ್ಲಿದೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಮುಂದಿರುವುದು ಠಾಣೆಯ ಖಾಡಿ, ಎಂದರೆ ನೆಲದೊಳಗೆ ಚಾಚಿದ ಕಡಲಿನ ಕಿರುದಾರಿ. ಮುಂಬಯಿ ದ್ವೀಪ, ಆಚೆ ದಡದ ಟ್ರಾಂಬೆ, ಇವೆರಡೂ ಅರಬ್ಬೀ ಸಮುದ್ರದ ಅಲೆಯನ್ನು ನಮಗಿಂತ ಮೊದಲೇ ತಡೆದುಬಿಡುತ್ತವೆ. ಇಲ್ಲಿ ಕಡಲು ಅಲೆಯಾಗಿ ಬರುವುದಿಲ್ಲ, ಉಬ್ಬರವಾಗಿ ಬರುತ್ತದೆ. ಅದೂ ಸಣ್ಣ ಉಬ್ಬರವಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬಯಿಯ ನೀರು 4 ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಕಾರವಾರದಲ್ಲಿ ಸುಮಾರು 2 ಮೀಟರ್. ಮಂಗಳೂರಿನಲ್ಲಿ ಇನ್ನೂ ಕಡಿಮೆ.

ಈ ಉಬ್ಬರದ ಲೆಕ್ಕ ನೆರೂಳಿಗೆ ಜೀವನ್ಮರಣದ ಲೆಕ್ಕ. ಸರ್ಕಾರಿ ಸಂಸ್ಥೆ ಸಿಡ್ಕೋ ನವಿ ಮುಂಬಯಿಯ ಊರುಗಳನ್ನು ಕಟ್ಟುವಾಗ ಎಷ್ಟೋ ಜಾಗ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿತ್ತು. ಅದಕ್ಕೇ ಡಚ್ಚರ ಪದ್ಧತಿಯಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ಮಾಡಿದರು. ವಾಶಿ, ನೆರೂಳ, ಬೇಲಾಪುರದವರು ಅವನ್ನು ನೋಡಿಯೇ ಇರುತ್ತೀರಿ. ಖಾಡಿಯ ನೀರು ಏರಿದಾಗ ಆ ಕೊಳಗಳ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಳೆಯ ನೀರು ಕೊಳದಲ್ಲಿ ನಿಲ್ಲುತ್ತದೆ. ಇಳಿತ ಬಂದಾಗ ಬಾಗಿಲು ತೆರೆದು ನೀರು ಖಾಡಿಗೆ ಹೋಗುತ್ತದೆ. 2005ರ ಜುಲೈ 26 ನೆನಪಿದೆಯಲ್ಲ? ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಳೆ ಸುರಿಯುತ್ತಿದ್ದಾಗಲೇ ಉಬ್ಬರವೂ ಬಂತು. ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಹಾಗಾಗಿ ನೀರಿನ ಮಟ್ಟ ಅಳೆಯುವುದು ನಮ್ಮ ಪಾಲಿಗೆ ದೂರದ ವಿಜ್ಞಾನವಲ್ಲ.

ಎರಡು ಕೆಲಸಗಳಿವೆ, ನೆನಪಿಡಿ. ಒಂದು ಉಬ್ಬರವನ್ನು ಅಳೆಯುವುದು. ಅದು ಗಂಟೆಗಟ್ಟಲೆ ನಿಧಾನವಾಗಿ ಏರಿ ಇಳಿಯುವ ನೀರು. ಇನ್ನೊಂದು ಅಲೆಯನ್ನು ಅಳೆಯುವುದು. ಅದು 5ರಿಂದ 15 ಸೆಕೆಂಡಿಗೊಮ್ಮೆ ಏಳುವ ನೀರು. ಉಪಕರಣ ಒಂದೇ ಇರಬಹುದು. ಆದರೆ ಎರಡು ಕೆಲಸಕ್ಕೂ ಬೇಕಾದ ಗುಣ ಬೇರೆ ಬೇರೆ.

ಈಗ ಉಪಕರಣದ ಒಳಗೆ ಹೋಗೋಣ.

ಬಾವಿಗೆ ಬಗ್ಗಿ ಕೂಗಿದರೆ ಕೂಗು ಮರಳಿ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂದು ಎಣಿಸಿದರೆ ನೀರು ಎಷ್ಟು ಆಳದಲ್ಲಿದೆ ಎಂದು ಹೇಳಬಹುದು. ಮಾಪಕ ಮಾಡುವುದೂ ಇದನ್ನೇ. ಆದರೆ ಅದರ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ. ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚು ಕಂಪನದ ಸದ್ದು ಅದು. ಗಾಳಿಯಲ್ಲಿ ಬಳಸುವ ಸಾಮಾನ್ಯ ಮಾಪಕದ ಕಂಪನ 40 ಸಾವಿರ. ಅದಕ್ಕೆ ಬಾಯಿಯೂ ಕಿವಿಯೂ ಒಂದೇ, ಒಂದು ಬಿಲ್ಲೆ. ವಿದ್ಯುತ್ ಕೊಟ್ಟರೆ ನಡುಗುತ್ತದೆ, ನಡುಗಿಸಿದರೆ ವಿದ್ಯುತ್ ಕೊಡುತ್ತದೆ. ಕೆಲವು ಹರಳುಗಳಿಗೆ ಈ ಗುಣವಿದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಮೊದಲನೆಯ ಮಹಾಯುದ್ಧದಲ್ಲಿ ಪೌಲ್ ಲಾಂಜೆವಿನ್ ಅದೇ ಗುಣವನ್ನು ಬಳಸಿ ನೀರಿನೊಳಗಿನ ಜಲಾಂತರ್ಗಾಮಿಯನ್ನು ಹುಡುಕಲು ಹೊರಟರು. ನಮ್ಮ ಕನ್ನಡ ನೆಲಕ್ಕೂ ಈ ಸದ್ದಿನ ಇತಿಹಾಸದಲ್ಲಿ ಪಾಲಿದೆ. ಈ ಸದ್ದು ಹಾಯುವ ದ್ರವದೊಳಗೆ ಬೆಳಕು ಹೇಗೆ ಚದುರುತ್ತದೆ ಎಂಬ ಸಿದ್ಧಾಂತವನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಬೆಂಗಳೂರಿನಲ್ಲಿ ಕೂತು ಬರೆದರು. ಜಗತ್ತು ಇಂದಿಗೂ ಅದನ್ನು ರಾಮನ್–ನಾಥ್ ಸಿದ್ಧಾಂತ ಎನ್ನುತ್ತದೆ.

ಈ ಮಾಪಕ ನಮ್ಮಲ್ಲಿ ಹಲವರಿಗೆ ಪರಿಚಯದ್ದೇ. ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು, ಈಗಲೂ ಮಾಡುತ್ತಿರುವವರು ಇದನ್ನು ಕೇಳುತ್ತಿರಬಹುದು. ಅಲ್ಲಿ ಆಸಿಡ್ ಟ್ಯಾಂಕಿನ ಮೇಲೆ, ನೀರಿನ ಟ್ಯಾಂಕಿನ ಮೇಲೆ ಇದೇ ಮಾಪಕ ಕೂತಿರುತ್ತದೆ. ಟ್ಯಾಂಕಿನೊಳಗೆ ಎಷ್ಟು ದ್ರವ ಇದೆ ಎಂದು ತೋರಿಸುತ್ತದೆ. ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಬೆಲೆಯೂ ಹೆಚ್ಚಲ್ಲ. ದ್ರವವನ್ನು ಮುಟ್ಟುವುದೂ ಇಲ್ಲ. ಹಾಗಾದರೆ ಅದನ್ನೇ ತಂದು ಜೆಟ್ಟಿಯ ತುದಿಗೆ ಕಟ್ಟಿದರೆ ಅಲೆಯೂ ಸಿಗಬೇಕಲ್ಲವೇ?

ಸಿಗುವುದಿಲ್ಲ. ಏಕೆಂದರೆ ಅದನ್ನು ಟ್ಯಾಂಕಿಗೆಂದು ಮಾಡಿದ್ದಾರೆ. ಟ್ಯಾಂಕಿನ ದ್ರವ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಅದಕ್ಕೆ ಮಾಪಕ ಹಲವು ಸೆಕೆಂಡುಗಳ ಅಳತೆಯನ್ನು ಕೂಡಿ ಸರಾಸರಿ ತೋರಿಸುತ್ತದೆ. 10 ಸೆಕೆಂಡಿನ ಸರಾಸರಿಯಲ್ಲಿ 5 ಸೆಕೆಂಡಿನ ಅಲೆ ಪೂರಾ ಅಳಿಸಿಹೋಗುತ್ತದೆ. ಅದಕ್ಕಿಂತ ಕೆಟ್ಟ ಇನ್ನೊಂದು ಅಭ್ಯಾಸ ಅದಕ್ಕಿದೆ. ಪ್ರತಿಧ್ವನಿ ಬಾರದಿದ್ದರೆ ಅದು ಸುಮ್ಮನಿರುವುದಿಲ್ಲ. ಹಿಂದಿನ ಅಂಕಿಯನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಟ್ಯಾಂಕಿನಲ್ಲಿ ಇದು ಒಳ್ಳೆಯ ಗುಣ. ಒಂದು ಕ್ಷಣ ಆವಿ ಅಡ್ಡ ಬಂದರೆ ಪಂಪು ನಿಲ್ಲಬಾರದಲ್ಲ. ಕಡಲಿನಲ್ಲಿ ಇದೇ ದೊಡ್ಡ ದೋಷ. ಅಲೆಯ ನೆತ್ತಿ ಬಂದಾಗ ಪ್ರತಿಧ್ವನಿ ಕಳೆದುಹೋಗುತ್ತದೆ. ಮಾಪಕ ನೆತ್ತಿಗಿಂತ ಕೆಳಗಿನ ಅಂಕಿಯನ್ನೇ ಹಿಡಿದು ನಿಲ್ಲುತ್ತದೆ. ಕಾಗದದ ಮೇಲೆ ಅಲೆ ನೆತ್ತಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನೆಯೋಣ. ಮಾಪಕ ಸದ್ದನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಕಾದ ಹೊತ್ತಿನಿಂದ ದೂರ ತಿಳಿಯುತ್ತದೆ. ಟ್ಯಾಂಕಿನ ಮಾಪಕವನ್ನು ಹಾಗೆಯೇ ಕಡಲಿಗೆ ತರಲಾಗದು. ಈಗ ಮೊದಲ ತೊಡಕಿಗೆ ಬರೋಣ. ಅದು ಶಾಖ.

ಸದ್ದಿನ ವೇಗ ಎಲ್ಲ ಹೊತ್ತಿನಲ್ಲೂ ಒಂದೇ ಇರುವುದಿಲ್ಲ. 30 ಡಿಗ್ರಿ ಶಾಖದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 350 ಮೀಟರ್. ಶಾಖ ಒಂದು ಡಿಗ್ರಿ ಏರಿದರೆ ವೇಗ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಏರುತ್ತದೆ. ಮೇ ತಿಂಗಳ ಮಧ್ಯಾಹ್ನವನ್ನು ಊಹಿಸಿ. ಜೆಟ್ಟಿಯ ತುದಿಯಲ್ಲಿ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆ ಬಿಸಿಲಿಗೆ ಕಾದಿದೆ. ಕೆಳಗೆ ನೀರಿನ ಹತ್ತಿರದ ಗಾಳಿ ಅಷ್ಟು ಬಿಸಿಯಿಲ್ಲ. ಮಾಪಕದ ಥರ್ಮಾಮೀಟರ್ ಇರುವುದು ಪೆಟ್ಟಿಗೆಯೊಳಗೆ. ಅದು ಪೆಟ್ಟಿಗೆಯ ಶಾಖವನ್ನು ಹೇಳುತ್ತದೆ, ಸದ್ದು ನಡೆದ ದಾರಿಯ ಶಾಖವನ್ನಲ್ಲ. 5 ಡಿಗ್ರಿ ತಪ್ಪಿತು ಎಂದುಕೊಳ್ಳಿ. ನೀರು 8 ಮೀಟರ್ ಕೆಳಗಿದ್ದರೆ ದೂರದಲ್ಲಿ ಸುಮಾರು 7 ಸೆಂಟಿಮೀಟರ್ ತಪ್ಪು.

ಮುಂಬಯಿಯಲ್ಲಿ ಇದು ಇನ್ನೂ ಹೆಚ್ಚು. ಏಕೆ? ಉಬ್ಬರ ದೊಡ್ಡದು. ತುಂಬಿದ ಉಬ್ಬರದಲ್ಲೂ ಮಾಪಕ ನೀರಿಗೆ ಮುಳುಗಬಾರದು. ಹಾಗಾಗಿ ಬಹಳ ಎತ್ತರದಲ್ಲಿ ಕಟ್ಟಬೇಕು. ಇಳಿತದ ಹೊತ್ತಿಗೆ ಸದ್ದು ಬಹಳ ದೂರ ನಡೆಯಬೇಕು. ದಾರಿ ಉದ್ದವಾದಷ್ಟೂ ತಪ್ಪು ಉದ್ದ.

ಇದಕ್ಕೆ ಮದ್ದು ಹಳೆಯದು, ಒಳ್ಳೆಯದು. ಮಾಪಕದಿಂದ ಗೊತ್ತಿರುವ ದೂರದಲ್ಲಿ, ಒಂದು ಮೀಟರ್ ಎನ್ನಿ, ಒಂದು ಸಣ್ಣ ಕಂಬಿಯನ್ನು ಅಡ್ಡ ಇಡುವುದು. ಕಂಬಿಯಿಂದಲೂ ಪ್ರತಿಧ್ವನಿ ಬರುತ್ತದೆ. ಒಂದು ಮೀಟರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಆ ಗಳಿಗೆಯ ಸದ್ದಿನ ವೇಗವೇ ತಿಳಿಯುತ್ತದೆ. ಅಮೆರಿಕದ ನೋವಾ ಸಂಸ್ಥೆ ತನ್ನ ಉಬ್ಬರ ಮಾಪಕಗಳಲ್ಲಿ ಇದನ್ನೇ ಮಾಡಿತ್ತು. ಸದ್ದನ್ನು ಒಂದು ಸಣ್ಣ ಕೊಳವೆಯೊಳಗೆ ಇಳಿಸುತ್ತಿದ್ದರು. ಮೇಲಿನಿಂದ 1.2 ಮೀಟರಿಗೆ ಕೊಳವೆಯಲ್ಲಿ ಒಂದು ಗುರುತು. ಗುರುತಿನ ಪ್ರತಿಧ್ವನಿ ಮೊದಲು, ನೀರಿನ ಪ್ರತಿಧ್ವನಿ ಆಮೇಲೆ. ಆದರೂ ಒಂದು ಕೊರತೆ ಉಳಿಯಿತು. ಗುರುತಿನ ಮೇಲಿನ ಗಾಳಿಯ ಶಾಖವೂ ಕೆಳಗಿನ ಗಾಳಿಯ ಶಾಖವೂ ಒಂದೇ ಇರಬೇಕಲ್ಲ? ಕೊಳವೆ ಉದ್ದವಾದ ಕಡೆ ಅದು ಒಂದೇ ಇರಲಿಲ್ಲ. 2010ರ ದಶಕದಲ್ಲಿ ನೋವಾ ಈ ಮಾಪಕಗಳನ್ನು ತೆಗೆದು ರೇಡಾರ್ ಮಾಪಕಗಳನ್ನು ಹಾಕತೊಡಗಿತು. ರೇಡಿಯೋ ತರಂಗದ ವೇಗವನ್ನು ಗಾಳಿಯ ಶಾಖ ಹೇಳಿಕೊಳ್ಳುವಷ್ಟು ಬದಲಿಸುವುದಿಲ್ಲ.

ನಮ್ಮ ಪಕ್ಕದ ಗೋವಾದಲ್ಲೂ ಇದೇ ದಾರಿ ಹಿಡಿದರು. ಅಲ್ಲಿಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರ ಜನವರಿಯಲ್ಲಿ ಹುಟ್ಟಿದ್ದು. ಅಲ್ಲಿಯ ಆಂಟನಿ ಜೋಸೆಫ್ ಮತ್ತು ಅವರ ಸಂಗಾತಿಗಳು ಮಾಂಡೋವಿ ನದಿಯ ವೇರೆಂನಲ್ಲಿ ರೇಡಾರ್ ಮಾಪಕ ಇಟ್ಟರು. 2009ರ ನವೆಂಬರಿನಲ್ಲಿ ಫಿಯಾನ್ ಚಂಡಮಾರುತ ಕೊಂಕಣಕ್ಕೆ ಬಡಿಯಿತಲ್ಲ? ಆಗ ವೇರೆಂನಲ್ಲಿ ಕಡಲಿನ ಮಟ್ಟ ಹೇಗೆ ಏರಿತು ಎಂಬುದು ದಾಖಲಾಯಿತು. ಅಬ್ಬರದ ದಿನವೇ ಮಾಪಕ ಬಾಯಿಬಿಟ್ಟಿತು. ನನ್ನ ಮಟ್ಟಿಗೆ ಮಾಪಕದ ಪರೀಕ್ಷೆ ಎಂದರೆ ಅದೇ.

ಕೇಳುಗರೇ, ಇಲ್ಲಿ ಒಂದು ಸೂಕ್ಷ್ಮವಿದೆ, ಸ್ವಲ್ಪ ಗಮನ ಕೊಡಿ. ಶಾಖದ ತಪ್ಪು ಒಟ್ಟು ದೂರವನ್ನು ಕೆಡಿಸುತ್ತದೆ. ಆದ್ದರಿಂದ ಉಬ್ಬರದ ಲೆಕ್ಕ ಕೆಡುತ್ತದೆ. ಅಲೆಯ ಎತ್ತರ ಎಂದರೆ ಎರಡು ದೂರಗಳ ವ್ಯತ್ಯಾಸ. ನೆತ್ತಿಗೂ ತಗ್ಗಿಗೂ ಇರುವ ಅಂತರ. 2 ಮೀಟರ್ ಅಲೆಯಲ್ಲಿ ಅದೇ 5 ಡಿಗ್ರಿಯ ತಪ್ಪು 2 ಸೆಂಟಿಮೀಟರಿಗೂ ಕಡಿಮೆ. ಹಾಗಾಗಿ ಅಲೆಯ ಮಟ್ಟಿಗೆ ಶಾಖ ದೊಡ್ಡ ಶತ್ರುವಲ್ಲ. ಎಷ್ಟೋ ಕಡೆ ಶಾಖವನ್ನು ಸರಿಪಡಿಸಿ ಮಾಪಕ ಸರಿಯಾಯಿತು ಎಂದು ಬಿಡುತ್ತಾರೆ. ಅಲೆಯ ನಿಜವಾದ ಶತ್ರುಗಳು ಬೇರೆ ಇದ್ದಾರೆ.

ಶಾಖದ ಮಾತು ಮುಗಿಯಿತು. ಈಗ ಆ ಶತ್ರುಗಳನ್ನು ನೋಡೋಣ.

ಶಾಂತವಾದ ನೀರು ಸದ್ದನ್ನು ನೇರ ಮೇಲಕ್ಕೆ ಹಿಂದಿರುಗಿಸುತ್ತದೆ. ಅಲೆಯ ಇಳಿಜಾರು ಹಾಗಲ್ಲ. ನೀರು 10 ಡಿಗ್ರಿ ವಾಲಿದರೆ ಪ್ರತಿಧ್ವನಿ 20 ಡಿಗ್ರಿ ಪಕ್ಕಕ್ಕೆ ಹೋಗುತ್ತದೆ. ಮಾಪಕಕ್ಕೆ ಅದು ಸಿಗುವುದೇ ಇಲ್ಲ. ಗಾಳಿಯೂ ಸುಮ್ಮನಿರುವುದಿಲ್ಲ. ಮುಂಗಾರಿನ ಗಾಳಿ ಸೆಕೆಂಡಿಗೆ 15 ಮೀಟರ್ ಬೀಸುತ್ತಿದ್ದರೆ, 10 ಮೀಟರ್ ಇಳಿಯುವಷ್ಟರಲ್ಲಿ ಸದ್ದು 40 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಮರಳಿ ಬರುವಾಗ ಮತ್ತೆ ಅಷ್ಟೇ. ಇದರ ಮೇಲೆ ಸಿಡಿಯುವ ತುಂತುರು. ತುಂತುರಿನ ಹನಿಯಿಂದಲೂ ಪ್ರತಿಧ್ವನಿ ಬರುತ್ತದೆ, ನೀರು ಇಲ್ಲೇ ಇದೆ ಎಂದು ಮೋಸ ಮಾಡುತ್ತದೆ. ಮಾಪಕದ ಸದ್ದು ಒಂದು ಚುಕ್ಕೆಗೆ ಬೀಳುವುದೂ ಇಲ್ಲ. 10 ಡಿಗ್ರಿ ಹರಡುವ ಸದ್ದು 8 ಮೀಟರ್ ಕೆಳಗೆ ಒಂದೂವರೆ ಮೀಟರಿನಷ್ಟು ಅಗಲಕ್ಕೆ ಬೀಳುತ್ತದೆ. ಅದರೊಳಗೆ ಬರುವ ಸಣ್ಣ ಅಲೆಗಳೆಲ್ಲ ಕಲಸಿಹೋಗುತ್ತವೆ.

ಹಾಗಾದರೆ ಮಾಪಕವನ್ನು ಕಡಲ ತಳದಲ್ಲಿ ಇಡಬಾರದೇಕೆ? ಇಡಬಹುದು. ಮುಖ ಮೇಲಕ್ಕೆ ಮಾಡಿ ಇಡುತ್ತಾರೆ. ಸದ್ದು ನೀರಿನೊಳಗಿಂದ ಮೇಲೇರಿ ನೀರಿನ ಮೈಗೆ ತಾಗಿ ಮರಳುತ್ತದೆ. ಗಾಳಿಯ ಕಾಟ ಇಲ್ಲ. ತುಂತುರಿನ ಕಾಟ ಇಲ್ಲ. ರೇಡಾರ್ ಇಲ್ಲಿ ನಡೆಯುವುದಿಲ್ಲ, ಉಪ್ಪುನೀರು ಅದನ್ನು ನುಂಗಿಬಿಡುತ್ತದೆ. ನೀರಿನೊಳಗೆ ಸದ್ದೇ ಗತಿ. ಜಪಾನಿನವರು ಬಂದರುಗಳ ಹೊರಗೆ ಇಂಥ ಮಾಪಕಗಳ ಒಂದು ಜಾಲವನ್ನೇ 1970ರಿಂದ ಕಟ್ಟಿಕೊಂಡು ಬಂದಿದ್ದಾರೆ. ನೌಫಾಸ್ ಎಂದು ಅದರ ಹೆಸರು.

ಆದರೆ ತಳದಲ್ಲೂ ಒಂದು ಶತ್ರು ಕಾದಿರುತ್ತದೆ. ಅದು ಗುಳ್ಳೆ.

ಮುಂಗಾರಿನ ಅಲೆ ಒಡೆಯುವುದನ್ನು ನೀವು ಉಳ್ಳಾಲದಲ್ಲೋ ಮಲ್ಪೆಯಲ್ಲೋ ಮರವಂತೆಯಲ್ಲೋ ನೋಡಿದ್ದೀರಿ. ನೆತ್ತಿ ಮುಂದಕ್ಕೆ ಬಾಗುತ್ತದೆ. ಬೆಳ್ಳಗೆ ನೊರೆಯಾಗಿ ಬೀಳುತ್ತದೆ. ಆ ನೊರೆಯ ಜೊತೆಗೆ ಗಾಳಿಯೂ ನೀರಿನೊಳಗೆ ಹೋಗುತ್ತದೆ. ಗುಳ್ಳೆಗಳ ಒಂದು ಪದರ ಮೀಟರುಗಟ್ಟಲೆ ಆಳಕ್ಕೆ ಇಳಿಯುತ್ತದೆ. ದೊಡ್ಡ ಗುಳ್ಳೆಗಳು ಬೇಗ ಮೇಲೇರುತ್ತವೆ. ತೀರಾ ಸಣ್ಣವು ನಿಮಿಷಗಟ್ಟಲೆ ಉಳಿಯುತ್ತವೆ. ಸದ್ದಿಗೆ ಗುಳ್ಳೆಯ ಪದರ ಗೋಡೆಯಿದ್ದಂತೆಯೇ. ತಳದಿಂದ ಏರಿದ ಸದ್ದು ಅಲ್ಲೇ ತಾಗಿ ಮರಳುತ್ತದೆ, ಇಲ್ಲವೇ ಅಲ್ಲೇ ಸತ್ತುಹೋಗುತ್ತದೆ. ಮರಳಿದರೆ ಅಲೆ ನಿಜಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಸತ್ತರೆ ದಾಖಲೆಯಲ್ಲಿ ಖಾಲಿ ಜಾಗ.

ಯಾವ ಅಲೆಗಳು ಒಡೆಯುತ್ತವೆ? ದೊಡ್ಡವು. ಗುಳ್ಳೆ ಎಬ್ಬಿಸುವುದು ಯಾವುವು? ಅವೇ. ಅಂದರೆ ಮಾಪಕ ಕಳೆದುಕೊಳ್ಳುವುದು ಸಿಕ್ಕ ಸಿಕ್ಕ ಅಲೆಯನ್ನಲ್ಲ. ಆರಿಸಿ ಆರಿಸಿ ದೊಡ್ಡ ಅಲೆಯನ್ನೇ ಕಳೆದುಕೊಳ್ಳುತ್ತದೆ. ನನ್ನ ಇಡೀ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇದರ ಪರಿಣಾಮ ಏನು? ಒಂದು ಲೆಕ್ಕ ಮಾಡೋಣ. ಕಾಗದ ಬೇಡ, ಬಾಯಿಲೆಕ್ಕವೇ ಸಾಕು.

ಮೊದಲು ಒಂದು ವಿವರಣೆ. ಎಚ್ಚರಿಕೆಯಲ್ಲಿ ಬರುವ ಎತ್ತರ ಒಂದೇ ಒಂದು ಅಲೆಯದ್ದಲ್ಲ. ಎಲ್ಲ ಅಲೆಗಳನ್ನೂ ಎತ್ತರದ ಕ್ರಮದಲ್ಲಿ ಇಟ್ಟು, ಮೇಲಿನ ಮೂರನೆಯ ಒಂದು ಪಾಲನ್ನು ತೆಗೆದುಕೊಂಡು, ಅವುಗಳ ಸರಾಸರಿ ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವೆರ್‌ಡ್ರುಪ್ ಮತ್ತು ವಾಲ್ಟರ್ ಮಂಕ್ ಈ ಪದ್ಧತಿ ತಂದರು. ಅನುಭವಿ ನಾವಿಕ ಕಣ್ಣಂದಾಜಿನಲ್ಲಿ ಹೇಳುವ ಎತ್ತರಕ್ಕೆ ಅದು ಹತ್ತಿರ ಬರುತ್ತದೆ. ಎಂದರೆ, 3 ಮೀಟರ್ ಎಂದಾಗ ಅದಕ್ಕಿಂತ ದೊಡ್ಡ ಅಲೆಗಳೂ ಅಲ್ಲಿವೆ ಎಂದೇ ಅರ್ಥ. ಸಾವಿರ ಅಲೆಗಳಲ್ಲಿ ಒಂದು ಹೆಚ್ಚುಕಡಿಮೆ ಅದರ ಎರಡು ಪಟ್ಟು ಇರಬಹುದು. ಸಾವಿರ ಅಲೆ ಬರಲು ಎರಡು ಗಂಟೆ ಸಾಕು. ದೋಣಿಯವರು ಇದನ್ನು ಮರೆಯಬಾರದು.

ಈಗ ಲೆಕ್ಕ. ಉದಾಹರಣೆಗೆ 100 ಅಲೆಗಳು ಬಂದವು ಎನ್ನಿ. ಮೇಲಿನ 33ರಲ್ಲಿ 10 ಅಲೆ 4 ಮೀಟರಿನವು. ಉಳಿದ 23 ಅಲೆ 3 ಮೀಟರಿನವು. ಸರಾಸರಿ 3.3 ಮೀಟರ್. ಗುಳ್ಳೆಯಿಂದಾಗಿ ಆ 10 ದೊಡ್ಡ ಅಲೆಗಳು ಕಳೆದುಹೋದವು. ಉಳಿದದ್ದು 90. ಅದರ ಮೂರನೆಯ ಒಂದು ಪಾಲು 30. 3 ಮೀಟರಿನ 23, ಅದರ ಕೆಳಗಿನ ಎರಡೂವರೆ ಮೀಟರಿನ 7. ಸರಾಸರಿ 2.9 ಮೀಟರ್. 3.3 ಇದ್ದದ್ದು 2.9 ಆಯಿತು. ಬರೀ 40 ಸೆಂಟಿಮೀಟರ್ ತಾನೇ ಎನ್ನಬೇಡಿ.

ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಲೆ ತಡೆಗೋಡೆಗೆ ಹಾಕುವ ಕಲ್ಲಿನ ತೂಕ ಎತ್ತರದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಹಡ್ಸನ್ ಸೂತ್ರ ಎಂದು ಎಂಜಿನಿಯರುಗಳು ಬಳಸುತ್ತಾರೆ. ಆ ಸೂತ್ರಕ್ಕೆ 3.3ರ ಬದಲು 2.9 ಕೊಟ್ಟರೆ, 10 ಟನ್ ಇರಬೇಕಾದ ಕಲ್ಲು 7 ಟನ್ನಿಗೂ ಕಡಿಮೆ ಎಂದು ಉತ್ತರ ಬರುತ್ತದೆ. ನಮ್ಮ ಕರಾವಳಿಯಲ್ಲಿ ಕಲ್ಲು ಹಾಕಿದ್ದೂ ಕಡಲು ಎಳೆದುಕೊಂಡದ್ದೂ ಹೊಸ ಸುದ್ದಿಯಲ್ಲ. ಉಳ್ಳಾಲದವರನ್ನು ಕೇಳಿ. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರನ್ನು ಕೇಳಿ. ಎಲ್ಲಕ್ಕೂ ಮಾಪಕವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕದ ಮೊದಲ ಸಾಲಿನಲ್ಲಿ ಇರುವುದು ಅಲೆಯ ಎತ್ತರ. ಅದು ತಪ್ಪಿದರೆ ಕೆಳಗಿನ ಯಾವ ಸಾಲೂ ಸರಿಹೋಗದು.

ಪ್ರಯೋಗಾಲಯದಲ್ಲಿ ಈ ತೊಂದರೆ ಇಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ 50 ಮೀಟರ್ ಉದ್ದದ ಅಲೆಯ ಕಾಲುವೆ ಇದೆ. ಪುಣೆಯ ಖಡಕವಾಸ್ಲಾದಲ್ಲಿರುವ, 1916ರಲ್ಲಿ ಶುರುವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಬಂದರುಗಳನ್ನೇ ಸಣ್ಣದಾಗಿ ಮಾಡಿ ಅಲೆ ಬಿಡುತ್ತಾರೆ. ಬೆಲೆಬಾಳುವ ಕೆಲಸ. ಆದರೆ ಅಲ್ಲಿಗೆ ಎಷ್ಟು ಎತ್ತರದ ಅಲೆ ಬಿಡಬೇಕು ಎಂದು ಹೇಳಬೇಕಾದದ್ದು ಕಡಲಿನ ಮಾಪಕವೇ.

ಹಿಂದಿರುಗಿ ನೋಡೋಣ. ಶಾಖದ ತಪ್ಪು ಉಬ್ಬರದ ಲೆಕ್ಕವನ್ನು ಕೆಡಿಸುತ್ತದೆ. ಗುಳ್ಳೆ, ತುಂತುರು, ಇಳಿಜಾರು ಅಲೆಯ ಲೆಕ್ಕವನ್ನು ಕೆಡಿಸುತ್ತವೆ. ಅದೂ ದೊಡ್ಡ ಅಲೆಯ ಲೆಕ್ಕವನ್ನು. ಇನ್ನು ಪರಿಹಾರಕ್ಕೆ ಬರೋಣ.

ಎಲ್ಲಕ್ಕಿಂತ ಗಟ್ಟಿ ಪರಿಹಾರ ಒಂದು ಮಾಪಕದ ಪಕ್ಕದಲ್ಲಿ ಇನ್ನೊಂದನ್ನು ಇಡುವುದು. ಆದರೆ ಅದೇ ಜಾತಿಯದನ್ನಲ್ಲ. ಎರಡು ಸದ್ದಿನ ಮಾಪಕ ಇಟ್ಟರೆ ಗುಳ್ಳೆ ಬಂದಾಗ ಎರಡೂ ಒಟ್ಟಿಗೆ ಕುರುಡಾಗುತ್ತವೆ. ಸದ್ದಿನ ಜೊತೆಗೆ ಒತ್ತಡದ ಮಾಪಕ ಇಡಬೇಕು. ಮೇಲೆ ಅಲೆ ಏರಿದಾಗ ತಳದಲ್ಲಿ ನೀರಿನ ಒತ್ತಡವೂ ಏರುತ್ತದೆ. ಗುಳ್ಳೆ ಅದಕ್ಕೆ ಅಡ್ಡಿಯಾಗುವುದಿಲ್ಲ. ಒತ್ತಡದ ಮಾಪಕಕ್ಕೂ ಒಂದು ಮಿತಿ ಇದೆ. 20 ಮೀಟರ್ ಆಳದಲ್ಲಿ, ದೂರದಿಂದ ಬಂದ 12 ಸೆಕೆಂಡಿನ ಅಲೆಯ ಒತ್ತಡ ಸುಮಾರು ಮುಕ್ಕಾಲು ಪಾಲು ತಳಕ್ಕೆ ಮುಟ್ಟುತ್ತದೆ. ಹತ್ತಿರದ ಗಾಳಿ ಎಬ್ಬಿಸಿದ 5 ಸೆಕೆಂಡಿನ ಅಲೆಯದ್ದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಉದ್ದದ ಅಲೆಗೆ ಒತ್ತಡ, ಗಿಡ್ಡ ಅಲೆಗೆ ಸದ್ದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇನ್ನೂ ಒಂದು ಉಪಕಾರವಿದೆ. ನೀರಿನ ಮೈ ಈಗ 20 ಮೀಟರ್ ಮೇಲಿದೆ ಎಂದು ಒತ್ತಡ ಹೇಳಿತು ಎನ್ನಿ. ಆಗ ಸದ್ದಿನ ಮಾಪಕ ಅದರ ಆಸುಪಾಸಿನಲ್ಲೇ ಪ್ರತಿಧ್ವನಿ ಹುಡುಕಿದರೆ ಸಾಕು. ಗುಳ್ಳೆಯ ಪ್ರತಿಧ್ವನಿ ಮೊದಲು ಬರುತ್ತದೆ, ನೀರಿನ ಮೈಯದು ಆಮೇಲೆ ಬರುತ್ತದೆ. ಮೊದಲು ಬಂದದ್ದನ್ನೇ ನಂಬದೆ, ಸರಿಯಾದ ಜಾಗದ್ದನ್ನು ಆರಿಸಬಹುದು. ಜಪಾನಿನ ಈಚಿನ ಮಾಪಕಗಳಲ್ಲಿ ಸದ್ದು, ಒತ್ತಡ, ನೀರಿನ ಚಲನೆಯ ವೇಗ, ಮೂರನ್ನೂ ಒಂದೇ ಪೆಟ್ಟಿಗೆ ಅಳೆಯುತ್ತದೆ.

ತೇಲುವ ಬೋಯ್ ಕೂಡ ಒಳ್ಳೆಯ ಸಾಕ್ಷಿ. ಇನ್‌ಕಾಯಿಸ್ ವರ್ಸೋವಾ, ಕಾರವಾರ ಮೊದಲಾದ ಕಡೆ ಅದನ್ನು ಇಟ್ಟಿದೆ. ಒಂದು ಮೀಟರಿಗಿಂತ ಕಡಿಮೆ ಅಗಲದ ಹಳದಿ ಚೆಂಡು ಎಂದುಕೊಳ್ಳಿ. ಅಲೆಯ ಜೊತೆ ಏರಿ ಇಳಿಯುತ್ತದೆ. ತಾನು ಎಷ್ಟು ಕುಲುಕಿದೆ ಎಂಬುದರಿಂದ ಅಲೆಯನ್ನು ಹೇಳುತ್ತದೆ. ಆದರೆ ಬಲೆಗೆ ಸಿಕ್ಕೋ ಹಡಗು ತಾಗಿಯೋ ಅದರ ಹಗ್ಗ ಹರಿಯುವುದುಂಟು. ಮೀನುಗಾರ ಬಂಧುಗಳಲ್ಲಿ ನನ್ನದೊಂದು ಬೇಡಿಕೆ. ಅದಕ್ಕೆ ದೋಣಿ ಕಟ್ಟಬೇಡಿ, ಅದರ ಹತ್ತಿರ ಬಲೆ ಬಿಡಬೇಡಿ. ನಿಮ್ಮ ಎಚ್ಚರಿಕೆಯ ಲೆಕ್ಕವನ್ನು ಒರೆಗೆ ಹಚ್ಚುವುದು ಅದೇ.

ಎರಡು ಬಗೆಯ ಮಾಪಕಗಳಾದವು. ಮುಂದಿನದು ಅಂಕಿಗಳ ವಿಚಾರಣೆ.

ಕಡಲಿಗೂ ಒಂದು ನಿಯಮ ಇದೆ. 3 ಮೀಟರ್ ಎತ್ತರದ 8 ಸೆಕೆಂಡಿನ ಅಲೆಯಲ್ಲಿ ನೀರು ಸೆಕೆಂಡಿಗೆ ಹೆಚ್ಚೆಂದರೆ ಒಂದೂಕಾಲು ಮೀಟರ್ ಏರಬಹುದು. ಅರ್ಧ ಸೆಕೆಂಡಿನಲ್ಲಿ 2 ಮೀಟರ್ ಜಿಗಿಯಿತು ಎಂದು ಮಾಪಕ ಹೇಳಿದರೆ ಅದು ನೀರಲ್ಲ. ಹನಿಯೋ ಗುಳ್ಳೆಯೋ ಹಾರಿಹೋದ ಹಕ್ಕಿಯೋ ಇರಬೇಕು. ಅಂಥ ಅಂಕಿಯನ್ನು ತೆಗೆಯಬೇಕು. ತೆಗೆದ ಜಾಗದಲ್ಲಿ ಏನು ಹಾಕಬೇಕು? ಇಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಏನನ್ನೂ ಹಾಕಬಾರದು. ಖಾಲಿ ಎಂದೇ ಬರೆಯಬೇಕು. ಅಕ್ಕಪಕ್ಕದ ಅಂಕಿಗಳನ್ನು ಸೇರಿಸಿ ಗೆರೆ ಎಳೆದರೆ ನೋಡಲು ಚೆಂದ. ಆದರೆ ಅದರಲ್ಲಿ ಅಲೆಯ ನೆತ್ತಿ ಇರುವುದಿಲ್ಲ. 100ರಲ್ಲಿ 10 ಅಂಕಿ ಕಳೆದಿವೆ, ಕಡಲು ಒರಟಾಗಿದ್ದಾಗಲೇ ಕಳೆದಿವೆ ಎಂಬುದು ಓದುವವನಿಗೆ ಗೊತ್ತಾಗಬೇಕು. ಆಗ ಅವನು 2.9 ಎಂಬುದನ್ನು 2.9 ಎಂದು ಓದುವುದಿಲ್ಲ. ಇದಕ್ಕಿಂತ ಹೆಚ್ಚು ಎಂದು ಓದುತ್ತಾನೆ. ಅಮೆರಿಕದಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಒಂದು ಗುರುತಿನ ಅಂಕಿ ಇಡುವ ಪದ್ಧತಿ ತಂದಿದ್ದಾರೆ. 1 ಎಂದರೆ ಒಳ್ಳೆಯದು, 3 ಎಂದರೆ ಅನುಮಾನ, 4 ಎಂದರೆ ಕೆಟ್ಟದ್ದು, 9 ಎಂದರೆ ಅಳತೆಯೇ ಇಲ್ಲ. ಪಂಚಾಯತಿಗೆ, ಬಂದರಿಗೆ, ಪತ್ರಿಕೆಗೆ ಹೋಗುವ ಅಂಕಿಯ ಪಕ್ಕದಲ್ಲೂ ಇಂಥ ಗುರುತು ಇರಬೇಕು.

ಉಳಿದದ್ದು ಆರೈಕೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಮುಳುಗುಗಾರರೂ ಕಡಲಿಗೆ ಇಳಿಯಲಾರರು. ನೂಲ ಹುಣ್ಣಿಮೆ ಕಳೆಯುವವರೆಗೆ ಮಾಪಕ ಒಂಟಿ. ತಳದಲ್ಲಿಟ್ಟದ್ದಕ್ಕೆ ಚಿಪ್ಪುಗಳು ಅಂಟಿಕೊಳ್ಳುತ್ತವೆ. ಹೂಳು ಮುಚ್ಚುತ್ತದೆ. ಸ್ವಲ್ಪ ವಾಲಿದರೂ ಸದ್ದು ನೇರ ಮೇಲಕ್ಕೆ ಹೋಗದು. ಹಾಗಾಗಿ ಮೇ ತಿಂಗಳೊಳಗೆ ತೊಳೆದು, ಬ್ಯಾಟರಿ ಬದಲಿಸಿ, ಮಟ್ಟ ನೋಡಿ ಇಡಬೇಕು. ತನ್ನ ಆರೋಗ್ಯವನ್ನೂ ಅದು ತಾನೇ ಬರೆದುಕೊಳ್ಳಬೇಕು. ಎಷ್ಟು ವಾಲಿದ್ದೇನೆ, ಬ್ಯಾಟರಿ ಎಷ್ಟಿದೆ, ಪ್ರತಿಧ್ವನಿ ಎಷ್ಟು ಬಲವಾಗಿ ಬಂತು ಎಂದು. ಪ್ರತಿಧ್ವನಿ ದಿನೇ ದಿನೇ ಕುಗ್ಗುತ್ತಿದ್ದರೆ ಮುಖಕ್ಕೆ ಚಿಪ್ಪು ಹತ್ತಿದೆ ಎಂದು ದಡದಲ್ಲಿ ಕೂತವರಿಗೇ ತಿಳಿಯುತ್ತದೆ.

ಕೊನೆಯದಾಗಿ ನೆರೂಳಿಗೆ ಸಂಬಂಧಪಟ್ಟ ಒಂದು ಸಲಹೆ.

ಅಲೆ ಇಲ್ಲದ ನಮ್ಮ ಖಾಡಿ ಈ ಕೆಲಸಕ್ಕೆ ಒಳ್ಳೆಯ ಜಾಗ. ದಿನಕ್ಕೆ ಎರಡು ಬಾರಿ ನೀರು ತಾನಾಗಿ ಮೀಟರುಗಟ್ಟಲೆ ಏರಿ ಇಳಿಯುತ್ತದೆ. ಯಾವ ಪ್ರಯೋಗಾಲಯವೂ ಇಷ್ಟು ದೊಡ್ಡ ಅಳತೆಪಟ್ಟಿಯನ್ನು ಪುಕ್ಕಟೆ ಕೊಡುವುದಿಲ್ಲ. ಜೆಟ್ಟಿಯ ಕಂಬಕ್ಕೆ ಸೆಂಟಿಮೀಟರ್ ಗೆರೆ ಬರೆದ ಪಟ್ಟಿ ಹೊಡೆಯಬೇಕು. ಪಕ್ಕದಲ್ಲಿ ಸದ್ದಿನ ಮಾಪಕ ಕಟ್ಟಬೇಕು. ಮೇ ತಿಂಗಳ ಬಿಸಿಲಿನಲ್ಲೂ ಜುಲೈ ತಿಂಗಳ ಮಳೆಯಲ್ಲೂ ಎರಡನ್ನೂ ಹೋಲಿಸಬೇಕು. ಶಾಖದ ತಪ್ಪು, ದೂರದ ತಪ್ಪು, ಉಪ್ಪು ಹಿಡಿದ ಪೆಟ್ಟಿಗೆಯ ತಪ್ಪು, ಎಲ್ಲವೂ ಅಲೆಯ ಗಲಾಟೆಯಿಲ್ಲದೆ ಇಲ್ಲೇ ಸಿಕ್ಕುತ್ತವೆ. ನೆರೂಳಿನಲ್ಲಿ ಎಸ್‌ಐಇಎಸ್, ತೇರ್ಣಾ, ರಾಮರಾವ್ ಆದಿಕ್ ಎಂಜಿನಿಯರಿಂಗ್ ಕಾಲೇಜುಗಳಿವೆ. ಕರಾವೆಯಲ್ಲಿ ಹಡಗಿನ ಅಧಿಕಾರಿಗಳನ್ನು ತಯಾರು ಮಾಡುವ ಚಾಣಕ್ಯ ಸಂಸ್ಥೆ ಇದೆ. ಸಾರಸೋಳೆ, ದಿವಾಳೆಯ ಕೋಳಿ ಸಮುದಾಯದ ಮೀನುಗಾರ ಬಂಧುಗಳಿಗೆ ಈ ಖಾಡಿಯ ನೀರಿನ ಮನಸ್ಸು ಯಾವ ಯಂತ್ರಕ್ಕಿಂತಲೂ ಚೆನ್ನಾಗಿ ಗೊತ್ತು. ಅವರನ್ನೂ ಸೇರಿಸಿಕೊಂಡು ನಮ್ಮ ಮಕ್ಕಳು ಒಂದು ವರ್ಷ ಈ ಕೆಲಸ ಮಾಡಲಿ. ಇಲ್ಲಿ ಪಾಸಾದ ಮಾಪಕವನ್ನು ಮುಂದಿನ ಮೇ ತಿಂಗಳಲ್ಲಿ ಕಾರವಾರದ ಬೋಯ್ ಹತ್ತಿರ ನೀರಿನ ಮೇಲೆ ಕಟ್ಟಿ, ಒತ್ತಡದ ಮಾಪಕವನ್ನು ಅದರ ಕೆಳಗೆ ನೀರಿಗೆ ಇಳಿಸಬಹುದು. ಅಕ್ಟೋಬರಿನಲ್ಲಿ ಮೂರರ ದಾಖಲೆಯನ್ನೂ ಎದುರುಬದುರು ಇಟ್ಟು ನೋಡಿದರೆ, ಎಷ್ಟು ದೊಡ್ಡ ಅಲೆಗಳು ಸದ್ದಿನ ಕೈತಪ್ಪಿ ಹೋದವು ಎಂಬುದನ್ನು ಒಂದೊಂದಾಗಿ ಎಣಿಸಬಹುದು.